ಹೆಸರು ಬಿಚ್ಚಿದ ಚಳಿಗಾಲ

ಹೋದ ತಿಂಗಳು ಪರಿಚಯದವರೊಬ್ಬರು ಹೊಸ ಫ್ಲ್ಯಾಟಿಗೆ ಬಂದೆವೆಂದು ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಕಾರು ನಿಲ್ಲಿಸಲು ಕಟ್ಟಡದ ನೆಲಮಾಳಿಗೆಗೆ ಇಳಿದೆವು. ಬಾಗಿಲು ತೆಗೆದು ಕಾಲು ಕೆಳಗಿಟ್ಟೆ. ಒದ್ದೆ ರಬ್ಬರು, ತಣ್ಣನೆಯ ಕಬ್ಬಿಣ, ಒಣಗದೆ ಮಡಚಿಟ್ಟ ಬಟ್ಟೆ, ಮೂರೂ ಕಲೆತ ವಾಸನೆಯೊಂದು ಮೂಗಿಗೆ ಬಂತು.

“ಅಲ್ಲರೀ, ಇದು ಬರ್ಫದ ಮ್ಯಾಲೆ ಹಾಕಿ ಆಡೂ ನಮ್ಮ ರಿಂಕ್ ಇದ್ದ ಜಾಗಾ ಅಲ್ಲೇನು?” ಎಂದೆ.

ಇವರು ಕಂಬದ ಮೇಲಿನ ಸಂಖ್ಯೆ ನೋಡುತ್ತಿದ್ದರು. “ಹೌದನಸ್ತದ. ಅದನ್ನ ಕೆಡವಿ ಈ ಫ್ಲ್ಯಾಟ್ ಕಟ್ಟ್ಯಾರ. ನೀ ಮೊದಲ ಬಿ ಹದಿನಾಲ್ಕು ಅಂತ ನೆನಪಿಟ್ಕೊ, ಹೋದ ಸಲದಂಗ ಕಾರ್ ಹುಡುಕೂದು ಬ್ಯಾಡ.”

ಮೇಲೆ ಎಲ್ಲರೂ ಅಡುಗೆಮನೆಯ ಗ್ರಾನೈಟ್ ಸವರಿ ನೋಡುತ್ತಿದ್ದರು. ನಾನು ಕೋಸಂಬರಿಯ ತಟ್ಟೆ ಹಿಡಿದು ಕಿಟಕಿಯಿಂದ ಕಿಟಕಿಗೆ ನಡೆದೆ. ಗೋಲು ಎಲ್ಲಿತ್ತು, ತಂಡದ ಸಾಮಾನು ಕಾಯುವ ಟೆಡ್ ಎಲ್ಲಿ ನಿಲ್ಲುತ್ತಿದ್ದ ಎಂದು ಅಂದಾಜು ಮಾಡಹೋದರೆ ಎಲ್ಲ ಕಡೆಯೂ ಬಾಲ್ಕನಿ, ಬಾಲ್ಕನಿಗೊಂದು ಸೈಕಲ್ಲು. “ಕೂಡ್ರಿ ಶೈಲಾ” ಎಂದು ಮನೆಯಾಕೆ ಎರಡು ಸಲ ಹೇಳಿದರು. ಕೂರಲು ಆಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಧಾರವಾಡ ಬಿಟ್ಟು ಲಂಡನ್ನಿನ ರೇನರ್ಸ್ ಲೇನಿನಲ್ಲಿ ಮನೆ ಮಾಡಿ ನಮಗೆ ಮೂರು ವರ್ಷವಾಗಿತ್ತು. ಇವರಿಗೆ ಪಾರ್ಕ್ ರಾಯಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ. ಸಂಜೆ ಬಂದೊಡನೆ ಮಗಳು ಅನಿತಾ ಅಪ್ಪನ ಕೋಟು ಮೂಸಿ, “ಜಿಂಜರ್” ಅಂತಲೋ “ವೆನಿಲಾ” ಅಂತಲೋ ಆ ದಿನದ ಬಿಸ್ಕತ್ತು ಯಾವುದೆಂದು ಹೇಳುತ್ತಿದ್ದಳು. ಅವಳಿಗೆ ಆಗ ಹತ್ತು ವರ್ಷ. ಬೆಳಿಗ್ಗೆ ಅಪ್ಪ ಮಗಳು ಹೊರಟರೆಂದರೆ ಮನೆ ಗಪ್ಪಾಗುತ್ತಿತ್ತು. ಒರೆಸಿದ್ದನ್ನೇ ಒರೆಸುತ್ತಿದ್ದೆ. ಅಂಚೆಯವನು ಎದುರು ಸಾಲಿಗೆ ಬಂದ, ನಮ್ಮ ಸಾಲಿಗೆ ಬಂದ, ನಮ್ಮ ಮನೆ ದಾಟಿ ಹೋದ ಎಂದು ಪಡದೆಯ ಸಂದಿಯಿಂದ ನೋಡುತ್ತಿದ್ದೆ. ಕೈಗಳಿಗೆ ಏನೋ ಬೇಕಾಗಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ ನಮಗೆ ಹೊಲಿಗೆ ಕಲಿಸಿದ್ದರು. ಬಟ್ಟೆಯನ್ನು ತಿರುವಿ ಹಿಂಬದಿ ನೋಡಿಯೇ ಅವರು ಅಂಕ ಕೊಡುತ್ತಿದ್ದುದು. ಒಬ್ಬರು ಮಾರುತ್ತಿದ್ದ ಹಳೆಯ ಮಷೀನು ಕೊಂಡು, ಹೊಲಿಗೆ ರಿಪೇರಿ ಮಾಡಿಕೊಡುವುದಾಗಿ ಒಂದು ಚೀಟಿ ಬರೆದು ಪೇಪರ್ ಅಂಗಡಿಯ ಗಾಜಿಗೆ ಅಂಟಿಸಿಬಂದೆ. ಮೊದಲು ಬಂದದ್ದು ಪ್ಯಾಂಟಿನ ಜಿಪ್ಪುಗಳು, ಸಲ್ವಾರಿನ ಅಂಚುಗಳು. ಸೆಪ್ಟೆಂಬರಿನಲ್ಲಿ ಟೆಡ್ ಬಂದ.

ಅರವತ್ತರ ಆಸುಪಾಸಿನ ಗಿಡ್ಡ ಮನುಷ್ಯ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಗೋಣಿಚೀಲದಷ್ಟು ದೊಡ್ಡ ಬ್ಯಾಗು.

“ರಕ್ತ ಕಂಡ್ರೆ ತಲೆ ಸುತ್ತುತ್ತಾ, ಲವ್?” ಎಂಬುದೇ ಅವನ ಮೊದಲ ಪ್ರಶ್ನೆ. ಆ ‘ಲವ್’ ಇಲ್ಲಿ ಅಂಗಡಿಯವರೂ ಅನ್ನುವ ಮಾತು, ನಮ್ಮ ‘ತಾಯೀ’ ಇದ್ದಂತೆ.

“ಇಲ್ಲ” ಎಂದೆ.

“ಒಳ್ಳೇದು. ವಾಸನೆ?”

ನಾನು ಉತ್ತರಿಸುವ ಮೊದಲೇ ಬ್ಯಾಗು ಬಿಚ್ಚಿಯಾಗಿತ್ತು. ಅದರ ತುಂಬ ಜೆರ್ಸಿಗಳು. ಒಂದೊಂದರಲ್ಲೂ ನಮ್ಮ ಮನೆಯವರಂಥ ಇಬ್ಬರು ಹಿಡಿಸುವಷ್ಟು ಅಗಲ. ಟೆಡ್ ಒಂದು ಐಸ್ ಹಾಕಿ ತಂಡದ ಸಾಮಾನು ನೋಡಿಕೊಳ್ಳುವವನು. ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಎದೆಯ ಮೇಲೆ ಹಾಕಿಯ ಕೋಲು ಕಚ್ಚಿಕೊಂಡ ದೊಡ್ಡ ಕೊಕ್ಕರೆಯ ಚಿತ್ರ. ಸಂಬಳ ತೆಗೆದುಕೊಂಡು ಆಡುವ ಇಪ್ಪತ್ತು ಜನ. ಅರ್ಧದಷ್ಟು ಇಲ್ಲಿಯವರು, ಉಳಿದವರು ಕೆನಡಾ, ಸ್ಲೊವಾಕಿಯಾ ಎಂದು ಎಲ್ಲಿಂದಲೋ ಬಂದವರು.

ಸಂಜೆ ಇವರು ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು. “ಬರ್ಫದ ಮ್ಯಾಲೆ ಹಾಕಿ? ನಾವು ಧಾರವಾಡದಾಗ ನೆಲದ ಮ್ಯಾಲೇ ಜಾರಿ ಬೀಳ್ತಿದ್ವಿ. ಶೈಲಾ, ಈ ಅಂಗಿ ಹೊರಗಿಡು, ಇಲ್ಲಾ ನನ್ನ ಹೊರಗಿಡು.”

ವಿನೆಗರ್ ಹಾಕಿದ ನೀರಿನಲ್ಲಿ ನೆನೆಸಿದರೆ ವಾಸನೆ ಹೋಗುತ್ತದೆಂದು ಎರಡನೆಯ ವಾರಕ್ಕೆ ಕಂಡುಕೊಂಡೆ. ಜೆರ್ಸಿಯ ಒಳಗೆ, ಬೆನ್ನಿನ ಕೆಳಗೆ, ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದನ್ನು ಪ್ಯಾಂಟಿಗೆ ಸಿಕ್ಕಿಸುತ್ತಾರೆ. ಏಕೆಂದು ಟೆಡ್‌ನನ್ನು ಕೇಳಿದೆ. “ಜಗಳ ಆದಾಗ ಎದುರಿನವನು ಅಂಗೀನ ತಲೆ ಮೇಲೆ ಎಳೆದು ಹೊಡೀತಾನೆ, ಲವ್. ಎಳೆಯೋಕೆ ಆಗಬಾರದು ನೋಡು, ಅದಕ್ಕೆ.” ಆ ಪಟ್ಟಿಯ ಹೊಲಿಗೆಯೇ ನನ್ನ ಮುಖ್ಯ ಕೆಲಸ. ಚರ್ಚಿನ ಬಲಿಪೀಠದ ಬಟ್ಟೆಗೆಂದು ಕಲಿತ ಹೊಲಿಗೆಯನ್ನು ಹೊಡೆದಾಟಕ್ಕೆಂದು ಹಾಕತೊಡಗಿದೆ.

ಟೆಡ್ ಬಂದಾಗಲೆಲ್ಲ ಚಹಾಕ್ಕೆ ಕೂರುತ್ತಿದ್ದ. ತಂಡದ ಚರಿತ್ರೆಯೆಲ್ಲ ನನಗೆ ತಿಳಿದದ್ದು ಹಾಗೆ, ಚೂರುಚೂರಾಗಿ. ಅವನು ಹುಡುಗನಾಗಿದ್ದಾಗ ಅದು ಕೆಂಪು ಉಣ್ಣೆಯ ಅಂಗಿಯ ತಂಡ. ಸೀಟು ಸಾಲದೆ ಜನ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರಂತೆ. ಆಮೇಲೆ ಟೀವಿ ಬಂದು ಜನ ಮನೆಯಲ್ಲೇ ಉಳಿದರು, ತಂಡ ಮುಚ್ಚಿತು. ವರ್ಷಗಳ ನಂತರ ಯಾರೋ ಮತ್ತೆ ತೆರೆದರು. ಮಾಲೀಕರು ಬದಲಾದರು, ಬಣ್ಣ ಬದಲಾಯಿತು, ಕೊಕ್ಕರೆ ಬಂತು. ಒಮ್ಮೆ ಒಂದು ಕಪ್ಪು ಗೆದ್ದಿದ್ದರಂತೆ. “ಆ ಕಪ್ಪು ಈಗ ಎಲ್ಲಿದೆ?” ಎಂದೆ. ಟೆಡ್ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ, “ಮೂರನೇ ಮಾಲೀಕನ ಹೆಂಡ್ತಿ ಅದರಲ್ಲಿ ಗಿಡ ಇಟ್ಟಿದ್ಲು” ಎಂದ.

ಪ್ರತಿಯೊಬ್ಬನ ಬೆನ್ನಿಗೂ ಅವನ ಹೆಸರಿನ ಬಟ್ಟೆಯ ಪಟ್ಟಿ. ಎರಡು ಸೆಟ್ಟು ಜೆರ್ಸಿ: ನಮ್ಮ ರಿಂಕಿನಲ್ಲಿ ಆಡುವಾಗ ಬಿಳಿಯದು, ಬೇರೆ ಊರಿಗೆ ಹೋದಾಗ ನೀಲಿ. ಆಟಗಾರನೊಬ್ಬನನ್ನು ಬಿಟ್ಟರೆ ಅವನ ಹೆಸರಿನ ಪಟ್ಟಿ ಬಿಚ್ಚಿ, ಹೊಸಬನ ಪಟ್ಟಿ ಹಾಕಬೇಕು. ಬಿಚ್ಚುವ ಪುಟ್ಟ ಕೊಕ್ಕೆಯಿಂದ ಮೂರು ಟಾಕಿಗೊಂದರಂತೆ ಕತ್ತರಿಸಿ, ದಾರ ಎಳೆದು, ಉಳಿದ ತೂತುಗಳನ್ನು ಉಗುರಿನಿಂದ ಉಜ್ಜಿ ಇಸ್ತ್ರಿಯ ಹಬೆ ಕೊಟ್ಟರೆ ಅಲ್ಲೊಂದು ಹೆಸರಿತ್ತು ಎನ್ನುವುದೇ ತಿಳಿಯುವುದಿಲ್ಲ. ಅದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ಅಕ್ಟೋಬರಿನಲ್ಲಿ ಟೆಡ್ ಬೆನ್ನು ಹಿಡಿದುಕೊಂಡು ಮಲಗಿದ. ಬ್ಯಾಗು ಹೊತ್ತು ಬಂದವನು ಮಿರೋ. ಸ್ಲೊವಾಕಿಯಾದ ಬೆಟ್ಟದ ಬುಡದ ಒಂದು ಪುಟ್ಟ ಊರಿನವನು, ಹಿಂದೆ ನಿಂತು ಗೋಲು ಕಾಯುವ ಸಾಲಿನ ಆಟಗಾರ, ವಯಸ್ಸು ಮೂವತ್ತೆರಡು. ಹನ್ನೊಂದು ಅಕ್ಷರದ ಅವನ ಮನೆತನದ ಹೆಸರು ಬೆನ್ನಿನ ಈ ತೋಳಿನಿಂದ ಆ ತೋಳಿನವರೆಗೆ ಬರುತ್ತಿತ್ತು. ಯಾರೂ ಹೇಳದೆಯೇ ಬೂಟು ಬಿಚ್ಚಿ ಒಳಗೆ ಬಂದ. ನನಗೆ ಹಿಡಿಸಿದ್ದೇ ಅದು.

“ಮಿಸೆಸ್ ಕೆ, ನನ್ನ ಅಂಗೀಲಿ ಕೆಳಗೆ ಒಂದು ತೂತು ಇದೆ. ಅದನ್ನ ಮಾತ್ರ ಹೊಲೀಬೇಡಿ.”

“ಯಾಕೆ?”

“ಆ ತೂತು ಬಿದ್ದ ಮೇಲೆ ಮೂರು ಮ್ಯಾಚ್ ಗೆದ್ದಿದ್ದೀವಿ.”

ಎಡಗಾಲಿನ ಸ್ಕೇಟೇ ಮೊದಲು ಹಾಕಬೇಕು, ಕೋಲಿಗೆ ಟೇಪು ಸುತ್ತುವಾಗ ಯಾರೂ ಮಾತಾಡಿಸಬಾರದು, ಹೀಗೆ ಅವನಿಗೆ ನೂರೆಂಟು ನೇಮ. ಇವರು ನನ್ನತ್ತ ಬಾಗಿ, “ನಮ್ಮ ಸೋದರತ್ತಿಕಿಂತಾ ಜಾಸ್ತಿ ಮಡಿ ಇವಂದು” ಎಂದರು. ಅಂದು ನಮ್ಮಲ್ಲೇ ಊಟಕ್ಕೆ ಉಳಿದ ಮಿರೋ ಬದನೆಕಾಯಿ ಎಣ್ಣೆಗಾಯಿ ಮೂರು ಸಲ ಹಾಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ತನ್ನ ಮನೆಯ ಫೋಟೊ ತೋರಿಸಿದ. ಹೆಂಡತಿ ಜುಜಾನಾ ಅಲ್ಲಿನ ಶಾಲೆಯಲ್ಲಿ ಟೀಚರು. ಮಗಳು ಎವಾಗೆ ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ತಂಡ ಕೊಟ್ಟಿದ್ದ ಮನೆಯ ಫೋನು ಆಗಾಗ ಸತ್ತಿರುತ್ತಿದ್ದುದರಿಂದ ಮೊದಲೇ ದುಡ್ಡು ಕೊಟ್ಟು ಕೊಂಡ ಫೋನ್ ಕಾರ್ಡಿನ ನಂಬರು ಒತ್ತಿ ನಮ್ಮ ಮನೆಯಿಂದಲೇ ಅವರಿಗೆ ಫೋನು ಮಾಡತೊಡಗಿದ. ವಾರಕ್ಕೆರಡು ಸಲ ನಮ್ಮ ಮೆಟ್ಟಿಲ ಕೆಳಗೆ ಸ್ಲೊವಾಕ್ ಮಾತು ಕೇಳುವುದು ರೂಢಿಯಾಯಿತು.

ನವೆಂಬರಿನ ಒಂದು ಶನಿವಾರ ಅನಿತಾಳನ್ನು ಕರೆದುಕೊಂಡು ಮ್ಯಾಚಿಗೆ ಹೋದೆ. ಒಳಗೆ ಹೊರಗಿಗಿಂತ ಚಳಿ. ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಕುಳಿತೆ. ಆಟಕ್ಕಿಂತ ಮೊದಲು ಕಿವಿಗೆ ಬಿದ್ದದ್ದು ಸದ್ದು. ಸ್ಕೇಟು ಬರ್ಫವನ್ನು ಸೀಳುವ ಚರ್ರ್ ಎಂಬ ಸದ್ದು, ಅರಿವೆ ಅಂಗಡಿಯಲ್ಲಿ ಥಾನು ಹರಿದಂತೆ. ಚೆಂಡು ಎಲ್ಲಿದೆ ಎಂದೇ ಕಾಣಲಿಲ್ಲ. ಅದು ಚೆಂಡಲ್ಲ, ಕರಿಯ ಬಿಲ್ಲೆ, ಪಕ್ ಅನ್ನುತ್ತಾರೆ ಎಂದು ಮಗಳು ತಿದ್ದಿದಳು. ನಾನು ನೋಡುತ್ತಿದ್ದುದು ತೋಳಿನ ಹೊಲಿಗೆಗಳನ್ನು.

ಎರಡನೆಯ ಭಾಗದಲ್ಲಿ ಜಗಳ ಹತ್ತಿತು. ಎದುರು ತಂಡದ ಬೆಟ್ಟದಂಥವನೊಬ್ಬ ಮಿರೋನ ಜೆರ್ಸಿಗೆ ಕೈ ಹಾಕಿ ತಲೆಯ ಮೇಲೆ ಎಳೆಯತೊಡಗಿದ. ಎಳೆದ, ಮತ್ತೆ ಎಳೆದ. ಅಂಗಿ ಬರಲಿಲ್ಲ.

“ಮಮ್ಮೀ, ಯುವರ್ ಸ್ಟಿಚ್!” ಎಂದು ಅನಿತಾ ಕುರ್ಚಿಯ ಮೇಲೆ ನಿಂತು ಕಿರುಚಿದಳು. ನಾನೂ ಎದ್ದು ನಿಂತಿದ್ದೆ. “ಬಿಡಬ್ಯಾಡ, ಹಿಡಕೋ, ಹಿಡಕೋ!” ಎಂದು ಕೂಗಿದ್ದು ನಾನೇ ಎಂದು ತಿಳಿದದ್ದು ಮುಂದಿನ ಸಾಲಿನವರು ಹೊರಳಿ ನೋಡಿದಾಗ. ನಾನು ಅಷ್ಟು ದನಿ ಎತ್ತಿದ್ದು ಲಂಡನ್ನಿಗೆ ಬಂದ ಮೇಲೆ ಅದೇ ಮೊದಲು.

ಡಿಸೆಂಬರಿನಲ್ಲಿ ಬಿಚ್ಚುವ ಕೆಲಸ ಹೆಚ್ಚಿತು. ಮೊದಲು ತೋಳಿನ ಮೇಲಿದ್ದ ಕಿಟಕಿ ಕಂಪನಿಯ ಜಾಹೀರಾತಿನ ಪಟ್ಟಿ. “ಹೊಸದು?” ಎಂದು ಕೇಳಿದೆ. “ಬರುತ್ತೆ” ಎಂದ ಟೆಡ್. ಬರಲಿಲ್ಲ. ಆಮೇಲೆ ವ್ಯಾನು ಬಾಡಿಗೆಯವರದು ಹೋಯಿತು. ಅದರ ಬೆನ್ನಿಗೇ ಹೆಸರುಗಳು. ಆ ವಾರ ತೊಡದ ಸೆಟ್ಟನ್ನೇ ಟೆಡ್ ತರುತ್ತಿದ್ದುದರಿಂದ, ಯಾರನ್ನು ಬಿಡುತ್ತಾರೆಂದು ಆ ಆಟಗಾರನಿಗಿಂತ ನಾಲ್ಕು ದಿನ ಮೊದಲೇ ನನಗೆ ಗೊತ್ತಾಗುತ್ತಿತ್ತು. ಕೆನಡಾದ ಗೋಲ್‌ಕೀಪರನ ಹೆಸರು ಬಿಚ್ಚುವಾಗ, “ಅವನಿಗೆ ಗೊತ್ತಾ?” ಎಂದೆ.

“ಮಂಗಳವಾರ ಗೊತ್ತಾಗುತ್ತೆ.”

ಆ ಶನಿವಾರ ಆಟ ಮುಗಿದ ಮೇಲೆ ಆ ಗೋಲ್‌ಕೀಪರ್ ಅನಿತಾಳಿಗೆ ಒಂದು ಪಕ್ ಕೊಟ್ಟು, ಮುಂದಿನ ವಾರ ಬಾ, ಇದರ ಮೇಲೆ ಸಹಿ ಮಾಡಿಕೊಡ್ತೀನಿ ಎಂದ. ನಾನು ಮಗಳ ಟೋಪಿ ಸರಿಪಡಿಸುತ್ತ ತಲೆ ತಗ್ಗಿಸಿದೆ. ಅಂದಿನಿಂದ ಒಂದು ಕಡೆ ನಿಲ್ಲಲು ಆಗದಂತಾಯಿತು. ಚಹಾಕ್ಕೆ ನೀರಿಟ್ಟು ಮರೆಯುತ್ತಿದ್ದೆ. ಬಾಗಿಲ ಗಂಟೆ ಬಾರಿಸಿದರೆ ಮೊದಲು ಬ್ಯಾಗಿನ ಗಾತ್ರ ನೋಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಮಿರೋ ಸಂಭ್ರಮದಲ್ಲಿ ಬಂದ. ಜುಜಾನಾ ಮತ್ತು ಎವಾ ಇಲ್ಲಿಗೇ ಬರುವುದೆಂದು ಗಟ್ಟಿಯಾಗಿತ್ತು. ಮುಂದಿನ ವರ್ಷವೂ ಇರುತ್ತೀ ಎಂದು ಕೋಚ್ ಹೇಳಿದ್ದನಂತೆ. ಅವರ ದೇಶದಲ್ಲಿ ಶಾಲೆಯ ಅರ್ಧವರ್ಷ ಜನವರಿಯ ಕೊನೆಗೆ ಮುಗಿಯುತ್ತದೆ. ಜುಜಾನಾ ಆ ತಿಂಗಳ ಕೊನೆಯ ಶುಕ್ರವಾರ ರಾಜೀನಾಮೆ ಕೊಡಬೇಕು. ತಪ್ಪಿದರೆ ಬೇಸಿಗೆಯವರೆಗೆ ಬಿಡುವುದಿಲ್ಲ. ಕೊಟ್ಟರೆ ಆ ಜಾಗಕ್ಕಾಗಿ ಕಾದು ಕುಳಿತವರು ಮೂರು ಜನ, ಮತ್ತೆ ಸಿಗುವುದಿಲ್ಲ. ಅನಿತಾಳ ಶಾಲೆಯಲ್ಲೇ ಎವಾಗೆ ಸೀಟು ಕೇಳುವುದೆಂದು ನಾನೇ ಅರ್ಜಿ ತಂದು, ಪೆನ್ಸಿಲಿನಲ್ಲಿ ತುಂಬಿಕೊಟ್ಟೆ.

ಆ ಶುಕ್ರವಾರಕ್ಕೆ ಎರಡು ದಿನ ಮೊದಲು, ಬುಧವಾರ, ಟೆಡ್ ಎರಡು ಕರಿಯ ಕಸದ ಚೀಲ ಹೊತ್ತು ಬಂದ. ನೀಲಿ ಸೆಟ್ಟು, ಇಪ್ಪತ್ತೂ ಜೆರ್ಸಿ.

“ಎಲ್ಲ ಹೆಸರೂ ತೆಗೀಬೇಕು, ಲವ್. ಹಕ್ಕೀನೂ.”

“ಹಕ್ಕೀನೂ?”

ಅವನು ಕೂರಲಿಲ್ಲ. “ಉತ್ತರದ ಕಡೆ ಯಾವುದೋ ಹುಡುಗರ ಕ್ಲಬ್ಬಿಗೆ ಕೊಡ್ತಾರಂತೆ. ಬೇರೆ ಊರಿನ ಮ್ಯಾಚು ಇನ್ನಿಲ್ಲ. ಶನಿವಾರ ಕೊನೇದು. ತಂಡ ಮುಚ್ಚುತ್ತೆ.”

“ಅವರಿಗೆಲ್ಲ ಗೊತ್ತಾ?”

“ಶನಿವಾರ ಆಟ ಮುಗಿದ ಮೇಲೆ ಹೇಳ್ತಾರೆ. ಬಾಡಿಗೆ ಬಾಕಿ ಇದೆ, ಮೊದಲೇ ಗೊತ್ತಾದ್ರೆ ರಿಂಕಿನವರು ಬಾಗಿಲಿಗೆ ಬೀಗ ಜಡೀತಾರೆ. ಹುಡುಗರ ಸ್ಕೇಟು, ಪ್ಯಾಡು, ಎಲ್ಲಾ ಒಳಗೆ. ಅದಿಲ್ಲದೆ ಬೇರೆ ಕಡೆ ಕೆಲಸ ಕೇಳೋಕೂ ಆಗಲ್ಲ. ಕೊನೇ ಆಟಾನೂ ಇಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಡು.”

ತಂಡ ಮತ್ತೆ ತೆರೆದಂದಿನಿಂದ ಅದರ ಬೂಟು ಒರೆಸಿದ ಮನುಷ್ಯ. ಅವನ ಗಲ್ಲ ಅದುರುತ್ತಿತ್ತು. ಮಾತು ಕೊಟ್ಟೆ.

ಗುರುವಾರ ಮಧ್ಯಾಹ್ನ ಮಿರೋ ಶಾಲೆಯ ಅರ್ಜಿಗೆ ಸಹಿ ಹಾಕಿ ತಂದ. ಕರಿಯ ಚೀಲಗಳು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದವು, ಅವನು ಕುಳಿತ ಕುರ್ಚಿಗೆ ಮೂರು ಹೆಜ್ಜೆ ದೂರ. ಅವನ ಹನ್ನೊಂದು ಅಕ್ಷರಗಳನ್ನು ಆ ಬೆಳಿಗ್ಗೆಯೇ ಬಿಚ್ಚಿದ್ದೆ.

“ನಾಳೆ ಬೆಳಿಗ್ಗೆ ಜುಜಾನಾ ಪತ್ರ ಕೊಡ್ತಾಳೆ” ಎಂದು ಅವಲಕ್ಕಿ ತಿನ್ನುತ್ತ ಹೇಳಿದ.

ಹೇಳಿಬಿಡಲೇ? ಟೆಡ್‌ನ ಗಲ್ಲ ಕಣ್ಣ ಮುಂದೆ ಬಂತು. ಹೇಳದಿರಲೇ? ಫೋಟೊದಲ್ಲಿದ್ದ ಹಲ್ಲಿಲ್ಲದ ಆ ಹುಡುಗಿ ಬಂದಳು. ಅಡುಗೆಮನೆಯ ಗೋಡೆಯಲ್ಲಿ ಧಾರವಾಡದಿಂದ ತರಿಸಿದ ಪಂಚಾಂಗದ ಕ್ಯಾಲೆಂಡರು ನೇತಾಡುತ್ತಿತ್ತು. ನಮ್ಮಲ್ಲಿ ಬೇಡವೆನ್ನುವುದನ್ನು ಬೇಡವೆಂದು ಯಾರು ಹೇಳುತ್ತಾರೆ? ಸಂಬಂಧ ಒಲ್ಲದಿದ್ದರೂ ಜಾತಕ ಕೂಡಲಿಲ್ಲ ಎನ್ನುತ್ತೇವೆ. ಯಾರಿಗೂ ನೋವಾಗುವುದಿಲ್ಲ, ತಪ್ಪೆಲ್ಲ ಗ್ರಹಗಳದು.

“ಮಿರೋ, ಅಮಾವಾಸ್ಯೆ ಎದುರಿಗಿದೆ” ಎಂದೆ. “ಚಂದ್ರ ಇಲ್ಲದ ದಿನ. ನಮ್ಮಲ್ಲಿ ಅಂಥಾ ಹೊತ್ತಲ್ಲಿ ಇದ್ದದ್ದನ್ನ ಬಿಡಲ್ಲ, ಹೊಸದು ಹಿಡಿಯಲ್ಲ.”

ಅವನು ಚಮಚ ಕೆಳಗಿಟ್ಟ. ನಗಲಿಲ್ಲ. “ಎಷ್ಟು ಕೆಟ್ಟದು?”

“ಬಹಳ.”

“ನಾಳೆ ಬಿಟ್ರೆ ಮತ್ತೆ ಬೇಸಿಗೆ, ಮಿಸೆಸ್ ಕೆ.”

“ಬೇಸಿಗೇನೇ ಒಳ್ಳೇದು.”

ಸ್ವಲ್ಪ ಹೊತ್ತು ಕ್ಯಾಲೆಂಡರನ್ನೇ ನೋಡಿದ. ಎದ್ದು ಹೋಗಿ ಫೋನು ಹಚ್ಚಿದ. ಆ ಕಡೆಯಿಂದ ಮೊದಲು ನಗು ಕೇಳಿಸಿತು. ಆಮೇಲೆ ನಗು ನಿಂತಿತು.

ಸಂಜೆ ಇವರಿಗೆ ಹೇಳಿದೆ. ಟೈ ಸಡಿಲಿಸುತ್ತಿದ್ದವರು ಹಾಗೇ ನಿಂತರು.

“ಅಂವಗ ಖರೇ ಹೇಳೂದು ಬಿಟ್ಟು ಅಮಾಸಿ ಕಥೀ ಹೇಳಿದೇನು?”

“ಟೆಡ್‌ಗ ಮಾತು ಕೊಟ್ಟೀನಲ್ಲರೀ.”

“ನೀ ಮಾತು ಕೊಟ್ಟಿದ್ದು ಬಾಯಿ ಮುಚ್ಚಲಿಕ್ಕೆ. ಸುಳ್ಳು ಹೇಳಲಿಕ್ಕಲ್ಲ.”

ಕೈ ಸುಮ್ಮನಿರದೆ ಮುಂಭಾಗದ ಕಿಟಕಿಯ ಪಡದೆ ಇಳಿಸಿ, ಚೆನ್ನಾಗಿಯೇ ಇದ್ದ ಅಂಚನ್ನು ಬಿಚ್ಚುತ್ತ ಕುಳಿತೆ. “ಆ ಪಡದೆ ನಿನಗೇನ ಮಾಡ್ಯದ, ಶೈಲಾ?” ಎಂದರು ಇವರು. ದನಿ ಮೆತ್ತಗಾಗಿತ್ತು. “ಹೆಂಗೂ ಅಕಿ ನಾಳೆ ಪತ್ರ ಕೊಡೂದಿಲ್ಲಲ್ಲ. ಬಿಡು.” ನಾನೂ ಹಾಗೆಂದೇ ನಂಬಿದೆ.

ಶುಕ್ರವಾರ ಹನ್ನೊಂದಕ್ಕೆ ಗಂಟೆ ಬಾರಿಸಿತು. ಮಿರೋ. ಅಭ್ಯಾಸ ಮುಗಿಸಿ ನೇರ ಬಂದಿದ್ದ, ಕೂದಲಿನ್ನೂ ಒದ್ದೆ. ಕೈಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಿಗುವ ಹಳದಿ ಹೂವಿನ ಕಟ್ಟು.

“ಕೊಟ್ಟುಬಿಟ್ಲು!” ಎಂದ.

“ಅಮಾವಾಸ್ಯೆ?”

“ಜುಜಾನಾ ಏನಂದ್ಲು ಗೊತ್ತಾ? ‘ಮಿರೋ, ನಿನಗೆ ಅಲ್ಲಿ ಬೇರೆ ಯಾರೋ ಸಿಕ್ಕಿದ್ದಾಳೆ, ಅದಕ್ಕೇ ಚಂದ್ರನ ಮಾತು ಹೇಳ್ತಿದ್ದೀಯ.’ ಸಿಟ್ಟಲ್ಲಿ ಅರ್ಧ ಗಂಟೆ ಮೊದಲೇ ಶಾಲೆಗೆ ಹೋಗಿ ಕೊಟ್ಟಿದ್ದಾಳೆ.” ನಗುತ್ತಿದ್ದ. “ಅವಳು ಹಾಕಿ ಆಡಲ್ಲ ನೋಡಿ. ಅದೃಷ್ಟ ಗಿದೃಷ್ಟ ನಂಬಲ್ಲ.”

ಹೂವು ತೆಗೆದುಕೊಳ್ಳದೆ ಕಪಾಟಿನ ಬಾಗಿಲು ತೆರೆದು ಚೀಲ ಎಳೆದೆ. ಅವನ ನೀಲಿ ಜೆರ್ಸಿ ಮೇಲೆಯೇ ಇತ್ತು. ಬೆನ್ನು ಬೋಳು, ಎದೆ ಬೋಳು. ನನ್ನ ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ, ಅದು ತನ್ನದೆಂದು ತಿಳಿಯಲು ಅವನು ಕೆಳಗಿನ ತೂತು ಹುಡುಕಬೇಕಾಯಿತು.

“ತಂಡ ಮುಚ್ಚುತ್ತಿದೆ, ಮಿರೋ. ನಾಳೆ ಕೊನೇ ಆಟ. ಮೊದಲೇ ಗೊತ್ತಾದ್ರೆ ರಿಂಕಿಗೆ ಬೀಗ ಹಾಕ್ತಾರಂತೆ.”

ಅವನು ಜೆರ್ಸಿಯನ್ನು ಮಡಚಿದ. “ನಿಮಗೆ ಯಾವತ್ತು ಗೊತ್ತಾಯ್ತು?”

“ಬುಧವಾರ.”

“ನಿನ್ನೆ ಗುರುವಾರ ಇತ್ತು.”

“ಹೌದು.”

ಫೋನಿನ ಹತ್ತಿರ ಹೋದ. ನಾನು ಅಡುಗೆಮನೆಯಲ್ಲಿ ಸಿಂಕಿನ ಅಂಚು ಹಿಡಿದು ನಿಂತೆ. ಅವನ ದನಿ ತಗ್ಗಿನಲ್ಲೇ ಹೋಗುತ್ತಿತ್ತು. ಬಳಿಕ, “ಮಿಸೆಸ್ ಕೆ, ನಿಮ್ಮನ್ನ ಕರೀತಿದ್ದಾಳೆ” ಎಂದ.

ಜುಜಾನಾಳಿಗೆ ಬರುತ್ತಿದ್ದುದು ಶಾಲೆಯ ಪಾಠದ ಇಂಗ್ಲಿಷು. ಒಂದೊಂದೇ ಮಾತು ಇಟ್ಟಳು. “ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ಇವತ್ತು ಏಳೂವರೆಗೆ ಪತ್ರ ಕೊಟ್ಟೆ.” ಹಿಂದೆ ಯಾವುದೋ ಮಗು ಕೊಳಲಿನಂಥದೇನನ್ನೋ ಊದಿ ಕಲಿಯುತ್ತಿತ್ತು. “ಯಾಕೆ ಚಂದ್ರ? ಗೊತ್ತಿದೆ, ಹೇಳೋಕೆ ಆಗಲ್ಲ ಅಂದಿದ್ರೂ ಸಾಕಿತ್ತು. ನಾನು ಕೊಡ್ತಿರಲಿಲ್ಲ. ಯಾಕೆ ಚಂದ್ರ?”

“ನನಗೆ ಧೈರ್ಯ ಇರಲಿಲ್ಲ” ಎಂದೆ.

“ಸರಿ” ಎಂದಳು. “ಹೆಡ್‌ಮಿಸ್ಟ್ರೆಸ್ ಬೆಟ್ಟದ ಮನೆಗೆ ಹೋದರು, ಪತ್ರ ಅವರ ಚೀಲದಲ್ಲಿದೆ. ಸೋಮವಾರ ಆಫೀಸಿಗೆ ಕೊಡ್ತಾರೆ. ಅಲ್ಲಿಗೆ ನಾಳೆ ಒಂದು ಬಸ್ಸಿದೆ. ನಾನು ಹೋಗಿ—” ಕಾರ್ಡು ಮುಗಿದು ಫೋನು ಕಟ್ಟಾಯಿತು.

ಬೂಟು ಹಾಕಿಕೊಳ್ಳುತ್ತಿದ್ದ ಮಿರೋನ ಮುಂದೆ ನಿಂತು, “ನಾನೇ ಹೋಗಿ ಟೆಡ್‌ಗೆ ಹೇಳ್ತೀನಿ, ಮಾತು ಮುರಿದೆ ಅಂತ” ಎಂದೆ.

“ಬೇಡ. ಹುಡುಗರ ಸಾಮಾನು ಒಳಗಿದೆ” ಎಂದ. ನನ್ನ ಮುಖ ನೋಡಲಿಲ್ಲ.

ಶನಿವಾರ ಹೋಗದಿರಲು ಆಗಲಿಲ್ಲ. ಮಿರೋ ಎಲ್ಲರ ಜೊತೆ ಸಾಲಿನಲ್ಲಿ ಬಂದ, ಎಲ್ಲರ ಬೆನ್ನು ತಟ್ಟಿದ. ಉಳಿದ ಯಾರಿಗೂ ಗೊತ್ತಿಲ್ಲ, ಅವನೊಬ್ಬನಿಗೆ ಗೊತ್ತು. ಮುಂದಿನ ವಾರ ಮಕ್ಕಳಿಗೆ ಅರ್ಧ ಟಿಕೆಟ್ಟು ಎಂದು ಮೈಕಿನಲ್ಲಿ ಕೂಗಿದಾಗ ಅವನ ತಲೆ ಒಂದು ಸಲ ಆ ಕಡೆ ಹೊರಳಿತು. ಒಂದು ಗೋಲಿನಿಂದ ಸೋತರು. ಉಳಿದವರೆಲ್ಲ ಒಳಗೆ ಹೋದ ಮೇಲೂ ಬರ್ಫದ ಮೇಲೆ ಒಬ್ಬನೇ ಸುತ್ತು ಹಾಕುತ್ತಿದ್ದ. ಟೆಡ್ ಬಾಗಿಲು ಹಿಡಿದು ನಿಂತಿದ್ದ, ಬಾ ಎನ್ನಲಿಲ್ಲ. ಕೊನೆಗೆ ಮಿರೋ ತಾನಾಗಿ ಹೋದ. ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಏನೂ ಕೇಳಿಸಲಿಲ್ಲ. ಅಷ್ಟು ಜನ ಗಂಡಸರಿದ್ದ ಕೋಣೆ.

ಭಾನುವಾರ ಅನ್ನಕ್ಕಿಟ್ಟಿದ್ದೆ. ಹತ್ತು ಗಂಟೆಗೆ ಫೋನು ಬಂತು.

“ಮಿಸೆಸ್ ಕೆ. ಕೇಳಿ” ಎಂದಳು ಜುಜಾನಾ.

ಕಾಗದ ಹರಿಯುವ ಸದ್ದು. ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ.

“ಕೇಳಿಸ್ತಾ?”

“ಕೇಳಿಸ್ತು.”

“ಹೆಡ್‌ಮಿಸ್ಟ್ರೆಸ್ ಅಡುಗೆಮನೇಲಿ ಮೂರು ಗಂಟೆ ಕೂತಿದ್ದೆ. 'ಇನ್ನೊಂದು ಸಲ ಕೊಟ್ರೆ ವಾಪಸ್ ಕೊಡಲ್ಲ' ಅಂದ್ರು. ಮಿರೋನ ಮನೆ ಫೋನು ಸತ್ತಿದೆ. ನೀವು ಹೋಗಿ ಹೇಳಿ. ಮನೆಗೆ ಬಾ ಅಂತ ಹೇಳಿ. ನಾನು ಹೇಳಿದ ಹಾಗೇ ಹೇಳಿ. ಚಂದ್ರ ಬೇಡ.”

“ಹೇಳ್ತೀನಿ.”

“ಇವತ್ತೇ.”

“ಅನ್ನ ನೋಡ್ರಿ!” ಎಂದು ಇವರಿಗೆ ಕೂಗಿ, ಮನೆಯ ಸೀರೆಯ ಮೇಲೆ ಕೋಟು ಹಾಕಿಕೊಂಡು ಓಡಿದೆ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಇಳಿದಾಗ ಗೊತ್ತಾಯಿತು, ಕಾಲಲ್ಲಿ ಮನೆಯ ಚಪ್ಪಲಿ.

ಮಧ್ಯಾಹ್ನಕ್ಕೆ ಬೀಗ ಬೀಳುವುದೆಂದು ರಿಂಕಿನ ಹಿಂಬಾಗಿಲಲ್ಲಿ ಆಟಗಾರರು ತಮ್ಮ ಸಾಮಾನು ಹೊರಗೆ ಹಾಕುತ್ತಿದ್ದರು. ಮಿರೋ ದೊಡ್ಡ ಬ್ಯಾಗನ್ನು ಕಾಲಿನಿಂದ ನೂಕುತ್ತ ಬಂದ, ಹೆಗಲ ಮೇಲೆ ನಾಲ್ಕು ಕೋಲು. ನನ್ನನ್ನು ಕಂಡು ನಿಂತ.

ನಮ್ಮಲ್ಲಿ ಮೊದಲು ತಿಂಡಿ ಆಯಿತೇ ಎನ್ನುತ್ತೇವೆ. ಚಳಿ ಬಹಳ ಎನ್ನುತ್ತೇವೆ. ನನ್ನ ಬಾಯಿ ಅದಕ್ಕೇ ತೆರೆದಿತ್ತು. ಮುಚ್ಚಿದೆ.

“ಪತ್ರ ವಾಪಸ್ ಸಿಕ್ತು. ಜುಜಾನಾ ಅದನ್ನ ಹರಿದು ಹಾಕಿದಳು, ಫೋನಿನಲ್ಲಿ ಸದ್ದು ಕೇಳಿಸ್ತು. ಮನೆಗೆ ಬಾ ಅಂದಿದ್ದಾಳೆ.”

ಅವನು ಬ್ಯಾಗಿನ ಮೇಲೆ ಕುಳಿತುಬಿಟ್ಟ. ಕೋಲುಗಳು ಒಂದೊಂದಾಗಿ ಜಾರಿ ಕಾಂಕ್ರೀಟಿನ ಮೇಲೆ ಬಿದ್ದವು. ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

“ಇನ್ನೊಂದು ಸಲ ಹೇಳಿ” ಎಂದ.

ಹೇಳಿದೆ. ಒಂದು ಮಾತು ಕೂಡಿಸದೆ, ಒಂದು ಮಾತು ಬಿಡದೆ.